ಬಲಗಡೆಯ ಸೀಟು

ಹೊನ್ನಾಳಿಯ ಗ್ಯಾರೇಜಿನ ಹಿಂದೆ ಇವತ್ತು ತುಕ್ಕು ಹಿಡಿದ ಕಾರೊಂದು ಕಣ್ಣಿಗೆ ಬಿತ್ತು. ಸ್ಟೇರಿಂಗ್ ಎಡಗಡೆಗಿತ್ತು. ಕಾಲು ಅಲ್ಲೇ ನಿಂತುಬಿಟ್ಟವು.

ಅಪ್ಪಾಜಿಯದೂ ಅಂಥದ್ದೇ. ಬಲಬದಿಯಲ್ಲಿ ಓಡಾಡುವ ದೇಶಗಳಿಗೆಂದು ಇಂಗ್ಲೆಂಡಿನವರು ಮಾಡಿದ ಕಾರು ಹೇಗೋ ಚನ್ನಗಿರಿಗೆ ಬಂದು ಸೇರಿತ್ತು. ಲಾರಿಯನ್ನು ದಾಟುವಾಗ ಎಡಗಡೆ ಕೂತ ಅಪ್ಪಾಜಿಗೆ ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಬಲಗಡೆ ಕೂತ ಎಂಟು ವರ್ಷದ ನಾನೇ ಅವರ ಕಣ್ಣು.

"ಏನಾರ ಬರ್ತೈತೇನವ್ವಾ?"

"ಇಲ್ರೀ ಅಪ್ಪಾಜಿ, ಹೋಗ್ರಿ."

ಬಲಕ್ಕೆ ಹೊರಳುವ ಮುನ್ನ ನನ್ನ ಕಿಟಕಿಯ ಪಕ್ಕದಿಂದ ಸಿಗ್ನಲ್ಲಿನ ಪುಟ್ಟ ಕೈಯೊಂದು ಟಕ್ಕನೆ ಹೊರಬಂದು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿತ್ತು. ಒಂದು ದಿನ ಸೂಳೆಕೆರೆ ದಾರಿಯಲ್ಲಿ ಲಾರಿಯೊಂದನ್ನು ದಾಟಲು ಅಪ್ಪಾಜಿ ಕೇಳಿದಾಗ ಅದನ್ನೇ ನೋಡುತ್ತ "ಇಲ್ರೀ" ಅಂದುಬಿಟ್ಟೆ. ಎದುರಿಗೆ ಮೀನು ಮಾರುವವನ ಸೈಕಲ್ ಬರುತ್ತಿತ್ತು. ಬಿದ್ದವನು ಮತ್ತೆ ಏಳಲಿಲ್ಲ.

"ತಪ್ಪು ನಂದೇ ಸಾಹೇಬ್ರೆ, ನಾನೇ ನೋಡ್ಲಿಲ್ಲ" ಎಂದರು ಅಪ್ಪಾಜಿ, ಪೊಲೀಸರ ಮುಂದೆ.

ನನ್ನನ್ನು ಬೈಯಲಿಲ್ಲ. ಆದರೆ ಸಾಯುವ ತನಕ ಯಾವ ಗಾಡಿಯನ್ನೂ ದಾಟಲಿಲ್ಲ. ಲಾರಿಗಳ ಧೂಳು ಕುಡಿಯುತ್ತ ಹಿಂದೆಯೇ ಹೋದರು. ನನ್ನನ್ನು ಮತ್ತೆಂದೂ ಕೇಳಲಿಲ್ಲ.

ಇವತ್ತು ಮನೆಗೆ ಬರುವಾಗ ಕ್ರಾಸಿನಲ್ಲಿ ಕಾರು ನಿಲ್ಲಿಸಿ ಮಗ ಕೇಳಿದ: "ಅಮ್ಮಾ, ನಿನ್ನ ಕಡೆಯಿಂದ ಏನಾರ ಬರ್ತೈತಾ?"

ರಸ್ತೆ ಖಾಲಿಯಿತ್ತು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.