ಕೂದಲಿಗಿಂತ ಸಣ್ಣ ಸುಳಿ, ಮೂವರು ಸಾಕ್ಷಿ

ಎರಡು ಸಾವಿರದ ಒಂಬತ್ತರ ನವೆಂಬರಿನ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ, ನಾನು ಉತ್ತರ ಜರ್ಮನಿಯ ಒಂದು ಊರಿನಲ್ಲಿ, ನೆಲದ ಕೆಳಗಿನ ಕೋಣೆಯಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಎಡಕ್ಕೆ ನಿಂತಿದ್ದೆ. ಹೊರಗೆ ಆಗಲೇ ಕತ್ತಲಾಗತೊಡಗಿತ್ತು. ಕುರ್ಚಿಯಲ್ಲಿ ಹೆಲ್ಗಾ ಇದ್ದರು. ಆ ಯಂತ್ರವನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದವರು. ನನ್ನ ಹಿಂದೆ ಪೋಲೆಂಡಿನ ವಿದ್ಯಾರ್ಥಿ ಮಾರೆಕ್. ಮಾತಾಡಿದರೂ ಚಿತ್ರ ನಡುಗುತ್ತದೆಂದು ಮೂವರೂ ಬಾಯಿ ಮುಚ್ಚಿಕೊಂಡಿದ್ದೆವು.

ಒಳಗಿದ್ದದ್ದು ಕಬ್ಬಿಣ, ಕೋಬಾಲ್ಟ್, ಸಿಲಿಕಾನ್ ಬೆರೆತ, ಬಹಳ ತೆಳ್ಳಗೆ ಸವೆಸಿ ತಂಪು ಮಾಡಿದ ಒಂದು ಚೂರು. ಅದರ ಒಂದೊಂದು ಪರಮಾಣುವನ್ನೂ ಪುಟ್ಟ ಕಾಂತಸೂಜಿಯೆಂದು ತಿಳಿಯಿರಿ. ಮೊದಲು ಪರದೆಯ ಮೇಲೆ ಬರಿಯ ಪಟ್ಟೆಗಳಿದ್ದವು. ಹೊರಗಿನ ಕಾಂತಬಲವನ್ನು ಹೆಲ್ಗಾ ಸ್ವಲ್ಪಸ್ವಲ್ಪವೇ ಏರಿಸಿದಂತೆ ಪಟ್ಟೆಗಳು ತುಂಡಾಗಿ ದುಂಡು ಚುಕ್ಕೆಗಳಾದವು. ಒಂದೊಂದೂ ಒಂದು ಸುಳಿ. ಅಂಚಿನ ಸೂಜಿಗಳ ಮುಖ ಮೇಲಕ್ಕೆ, ನಟ್ಟನಡುವಿನದು ಕೆಳಕ್ಕೆ, ಉಳಿದವು ಸುತ್ತುತ್ತ ಇಳಿಯುವಂತೆ. ಅಗಲ ತಲೆಗೂದಲ ದಪ್ಪದ ಸಾವಿರದಲ್ಲಿ ಒಂದು ಪಾಲು. ಫೋಕಸ್ ಆಚೆ ತಿರುಗಿಸಿದರೆ ಬಿಳಿ ಚುಕ್ಕೆ ಕಪ್ಪಾಯಿತು. ಧೂಳು ಹಾಗೆ ಮಾಡದು. ಆದರೆ ಚೂರು ಮೆಲ್ಲಗೆ ಸರಿಯುತ್ತಿದ್ದುದರಿಂದ ಕ್ಯಾಮೆರಾದಲ್ಲಿ ಎಲ್ಲ ಕಲಸಿಹೋಯಿತು. ಕಣ್ಣು ಕಂಡದ್ದಷ್ಟೇ ಉಳಿಯಿತು.

ನನ್ನ ಊರು ಕುಲಗೋಡ. ನಮ್ಮ ಸಿದ್ದಪ್ಪ ಕಾಕಾ ಮೂಡಲಗಿಯ ದನದ ಸಂತೆಯಲ್ಲಿ ಎತ್ತಿನ ದಲ್ಲಾಳಿ. ಮೈಮೇಲಿನ ಕೂದಲ ಸುಳಿ ನೋಡಿ ಎತ್ತು ಒಳ್ಳೆಯದೋ ಕೆಟ್ಟದ್ದೋ ಹೇಳುವವರು. ಮಾರುವವರು ಕೆಟ್ಟ ಸುಳಿಗೆ ಎಣ್ಣೆ ಹಚ್ಚಿ ಬಾಚಿರುತ್ತಾರೆ. ಬಾಚಿದರೆ ಸುಳಿ ಅತ್ತಿತ್ತ ಸರಿದೀತು, ಅಳಿಯದು. ನಾವು ಕಂಡವೂ ಅಂಥವೇ; ಸೂಜಿಗಳನ್ನು ಎಷ್ಟು ಸಾವಕಾಶ ಹೊರಳಿಸಿದರೂ ಬಿಡಿಸಿಕೊಳ್ಳುವುದಿಲ್ಲ, ಎಲ್ಲೋ ಒಂದು ಕಡೆ ಸಾಲು ಹರಿದು ತುಂಡಾಗಲೇಬೇಕು. ಫೋನಿನಲ್ಲಿ ಕಾಕಾನಿಗೆ ಹೇಳಿದೆ.

“ಸುಳಿ ನೋಡಾಕ ಅಷ್ಟ ದೂರ ಹೋಗಿಯೇನೋ? ನಮ್ಮ ಬಿಳಿ ಎತ್ತಿನ ಮ್ಯಾಲ ನಾಲ್ಕ ಅದಾವು, ಪುಕ್ಕಟ ತೋರಸ್ತಿದ್ನಿ.”

“ಇವು ಕಣ್ಣಿಗೆ ಕಾಣೂದಿಲ್ಲ ಕಾಕಾ.”

“ಕಾಣಲಾರದ್ದಕ್ಕ ಪಗಾರ ಕೊಡ್ತಾರ? ಚಲೋ ಮಂದಿ ಬಿಡು.”

ಜರ್ಮನಿಯಲ್ಲಿ ಭಾನುವಾರ ‘ರೂಹೆ’, ಅಂದರೆ ಸದ್ದಿಲ್ಲದಿರುವ ಹೊತ್ತು. ಮೊಳೆ ಹೊಡೆಯುವಂತಿಲ್ಲ. ಬಂದ ಹೊಸದರಲ್ಲಿ ಇದು ತಿಳಿಯದೆ ಊರಿನ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿಯಲು ಕುಳಿತೆ. ಬಾಗಿಲು ತಟ್ಟಿದವರು ಕೆಳಮನೆಯ ಹೆಲ್ಗಾ; ನನಗೆ ಮೇಲಿನ ಬಾಡಿಗೆ ಕೋಣೆ ಹುಡುಕಿ ಕೊಟ್ಟವರೂ ಅವರೇ.

“ಯಾರನ್ನು ಹೊಡೆಯುತ್ತಿದ್ದೀರಿ?” ಎಂದರು. ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ತಿಂದು ಖಾರಕ್ಕೆ ಕಣ್ಣೊರೆಸಿಕೊಂಡು, “ಇನ್ನು ಮೇಲೆ ಶನಿವಾರ ಹೊಡೆಯಿರಿ. ನನ್ನನ್ನೂ ಕರೆಯಿರಿ” ಎಂದರು.

ಆ ಊರಿನಲ್ಲಿ ನನ್ನ ಹೊಸ್ತಿಲು ದಾಟಿದವರು ಅವರೊಬ್ಬರೇ. ಕುಲಗೋಡದಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳದಿದ್ದರೆ ಬಾಜೂ ಮನೆಯವರು ಬಂದು ಏನಾಯಿತೆಂದು ವಿಚಾರಿಸುತ್ತಾರೆ. ಅಲ್ಲಿ ಭಾನುವಾರವಿಡೀ ನನ್ನ ಕೆಮ್ಮನ್ನು ನಾನೊಬ್ಬನೇ ಕೇಳುತ್ತಿದ್ದೆ.

ಹೆಲ್ಗಾ ಡಿಸೆಂಬರಿನಲ್ಲಿ ನಿವೃತ್ತರಾಗುವವರಿದ್ದರು. ಸುಳಿ ಕಂಡ ಗುರುವಾರದ ನಂತರದ ಸೋಮವಾರ, ಪ್ರಯೋಗಾಲಯದ ಸಭೆಗೆ ಮುಂಚೆ, ನನ್ನನ್ನು ನಿಲ್ಲಿಸಿ ಹೇಳಿದರು: “ನಾನು ಹೇಳಿದರೆ ಯಂತ್ರ ನಡೆಸುವವಳ ಮಾತು ಅನ್ನುತ್ತಾರೆ. ಅವು ಸುಳಿಗಳೇ ಎಂದು ನೀವು ಹೇಳಿ. ಇನ್ನೊಂದು ವಾರ ಯಂತ್ರ ಬೇಕೆಂದು ಕೇಳಿ. ನಾನು ಹೋಗುವುದರೊಳಗೆ ಸರಿಯಾದ ಚಿತ್ರ ತೆಗೆಯೋಣ.”

ಸಭೆಗೆ ಹೊರಗಿನವರೂ ಬಂದಿದ್ದರು. ಪ್ರಯೋಗಾಲಯದ ಮುಖ್ಯಸ್ಥರಾದ ಪ್ರಾಧ್ಯಾಪಕರು ಕಲಸಿದ ಚಿತ್ರ ತೋರಿಸಿ, “ಇದು ಚೂರಿನ ಮೇಲಿನ ಕೊಳೆ. ಅಲ್ಲವೆನ್ನುವವರು ಇದ್ದೀರಾ?” ಎಂದರು. ಎದುರಿಗೇ ಹೆಲ್ಗಾ ನನ್ನನ್ನು ನೋಡುತ್ತಿದ್ದರು. ನಾನು ಸುಮ್ಮನಿದ್ದೆ. ಹೆದರಿಕೆಯಲ್ಲ. ನಮ್ಮ ಸಂತೆಯಲ್ಲಿ ಹಿರಿಯನ ಮಾತನ್ನು ನಾಲ್ಕು ಜನರ ಮುಂದೆ ತೆಗೆದುಹಾಕುವುದಿಲ್ಲ. ಬಂಡಿಯ ಹಿಂದೆ ಕರೆದು ಕಿವಿಯಲ್ಲಿ ಹೇಳುತ್ತಾರೆ, ಅವನೇ ಬಂದು ತನ್ನ ಮಾತು ತಿದ್ದಿಕೊಳ್ಳುತ್ತಾನೆ. ಸಭೆ ಮುಗಿದ ಮೇಲೆ ಪ್ರಾಧ್ಯಾಪಕರ ಕೋಣೆಗೆ ಹೋಗಿ ಎಲ್ಲ ಹೇಳಿ, ಇನ್ನೊಂದು ವಾರ ಯಂತ್ರ ಕೇಳಿದೆ.

“ಆಗಲೇ ಏಕೆ ಹೇಳಲಿಲ್ಲ? ನಿಮಗೇ ಅನುಮಾನವಿದೆ ಅಂದುಕೊಂಡೆ. ಯಂತ್ರ ಬಿಡುವಿದ್ದ ವಾರವನ್ನು ಬೇರೆಯವರಿಗೆ ಕೊಟ್ಟಾಯಿತು” ಎಂದರು.

ಮೆಟ್ಟಿಲಲ್ಲಿ ಸಿಕ್ಕ ಹೆಲ್ಗಾ ಕೇಳಿದ್ದು ಒಂದೇ ಮಾತು: “ನೀವು ನೋಡಿರಲಿಲ್ಲವೇ?”

ಆ ಶನಿವಾರ ರೊಟ್ಟಿಗೆ ಕರೆದೆ. ಅವರು ಬರಲಿಲ್ಲ. ಆಮೇಲಿನ ಶನಿವಾರಗಳಲ್ಲೂ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬೇರೆ ದೇಶದ ವಿಜ್ಞಾನಿಗಳು ಅಂಥದೇ ಸುಳಿಗಳ ಸ್ಪಷ್ಟ ಚಿತ್ರ ಪ್ರಕಟಿಸಿದರು. ಅದನ್ನು ಹಿಡಿದು ಕೆಳಮನೆಗೆ ಹೋದೆ. ಹೆಲ್ಗಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಹೌದು, ಹೀಗೆಯೇ ಇದ್ದವು” ಎಂದು ಕಾಗದ ವಾಪಸು ಕೊಟ್ಟರು. ಒಳಗೆ ಕರೆಯಲಿಲ್ಲ.

ಆ ವರ್ಷ ಊರಿಗೆ ಬಂದಾಗ ಕಾಕಾನ ಜೊತೆ ಮೂಡಲಗಿ ಸಂತೆಗೆ ಹೋದೆ. ಎತ್ತು ಕೊಳ್ಳುವವನೊಬ್ಬ, “ಕೆಟ್ಟ ಸುಳಿ ಏನರ ಐತೇನ್ರಿ?” ಎಂದು ಕಾಕಾನನ್ನು ಕೇಳಿದ. ನಾನು ಎಲ್ಲರ ಮುಂದೆ, “ಹೆಗಲ ಹಿಂದ ಐತ್ರಿ, ಎಣ್ಣಿ ಹಚ್ಚಿ ಬಾಚ್ಯಾರ” ಎಂದುಬಿಟ್ಟೆ. ಮಾರಲು ಬಂದಿದ್ದ ಮುದುಕ ತಲೆ ತಗ್ಗಿಸಿ ಹಗ್ಗ ಬಿಚ್ಚಿಕೊಂಡು ಹೊರಟ. ಕಾಕಾ ನನ್ನ ರಟ್ಟೆ ಹಿಡಿದು ಎಳೆದರು.

“ಬಾಜೂಕ ಕರದ ಹೇಳಬೇಕಿತ್ತು. ಸಂತ್ಯಾಗ ಆ ಮುದುಕನ ಮಾನ ತಗದಿ. ಅಲ್ಲಿ ಇದನ್ನ ಕಲತ ಬಂದಿಯೇನು?”

“ಖರೆ ಇದ್ದದ್ದ ಹೇಳಿದ್ನಿ ಕಾಕಾ.”

“ಖರೆ ಹೇಳಾಕೂ ಒಂದ ಜಾಗಾ ಇರ್ತೈತಿ.”

ಯಾವ ಊರಿನಲ್ಲಿ ಯಾವಾಗ ಬಾಯಿ ತೆರೆಯಬೇಕೆಂಬುದು ನನಗೆ ಈಗ ಎರಡೂ ಕಡೆ ತಿಳಿಯುವುದಿಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ. ಆ ಗುರುವಾರ ಪರದೆಯ ಮೇಲೆ ಅದನ್ನು ಕಂಡವರು ಮೂವರು. ಹೆಲ್ಗಾ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಮಾರೆಕ್ ಇದ್ದಾನೆ, ತನ್ನ ದೇಶದ ಒಂದು ಶಾಲೆಯಲ್ಲಿ ಮೇಷ್ಟ್ರು, ಕೇಳಿದರೆ ಹೇಳುತ್ತಾನೆ. ಇನ್ನೊಬ್ಬ ಕುಲಗೋಡದ ಲಕ್ಷ್ಮಣ, ನಾನು.