ನನ್ನ ಹೆಸರಿನ ಮುಳುಗು

ಹೈದರಾಬಾದಿನ ತಾರ್ನಾಕದ ನಮ್ಮ ಮನೆಯಿಂದ ಸಮುದ್ರ ನೋಡಬೇಕೆಂದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಆದರೂ ನನ್ನ ನೌಕರಿ ಸಮುದ್ರ ಕಾಯುವುದು. ಕಡಲ ತಳದಲ್ಲಿ ಭೂಮಿ ನಡುಗಿದರೆ ಸುನಾಮಿ ಬರುತ್ತದೋ ಇಲ್ಲವೋ ಎಂದು ಇಲ್ಲೇ ಕೂತು ಕರಾವಳಿಗೆ ತಿಳಿಸುವವರಲ್ಲಿ ನಾನೂ ಒಬ್ಬಳು. "ಸಮುದ್ರಾನ ಇಲ್ಲದ ಊರಾಗ ಸಮುದ್ರ ಕಾಯಾಕತ್ತಾಳ ನಮ್ಮ ಸೊಸಿ" ಎಂದು ಕಲಬುರಗಿ ಕಡೆಯ ನಮ್ಮ ಅತ್ತೆ ಬಂದವರ ಮುಂದೆಲ್ಲ ನಗೆಯಾಡುತ್ತಿದ್ದರು.

ಒಮ್ಮೆ ರೇಗಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿಸಿ ಅದರ ತಳಕ್ಕೆ ಕೆಳಗಿನಿಂದ ಗುದ್ದಿ ತೋರಿಸಿದೆ. ನೀರು ಗುಡ್ಡೆಯಾಗಿ ಎದ್ದು ಸುತ್ತಲೂ ಚೆಲ್ಲಿತು. ಗಾಳಿ ಎಬ್ಬಿಸುವ ಅಲೆ ನೀರಿನ ಮೇಲ್ಮೈಯದು; ಸುನಾಮಿ ಹಾಗಲ್ಲ, ತಳದಿಂದ ಮೇಲಿನವರೆಗೆ ಇಡೀ ಸಮುದ್ರವೇ ಎದ್ದು ಹೊರಡುವುದು ಎಂದೆ. ನಡುಗಡಲಿನಲ್ಲಿ ವಿಮಾನದಷ್ಟು ವೇಗ, ಆದರೆ ಮೇಲಿರುವ ಹಡಗಿಗೆ ಗೊತ್ತೂ ಆಗುವುದಿಲ್ಲ. ದಡದ ಹತ್ತಿರ ನೀರು ಆಳ ಕಳೆದುಕೊಂಡಾಗ ಮುಂದಿನದು ನಿಧಾನವಾಗಿ, ಹಿಂದಿನದು ಬಂದು ಅದರ ಮೇಲೇರುತ್ತದೆ.

"ಸಮುದ್ರ ಹಿಂದ ಸರಿದ್ರ ನಿಲ್ಲಬ್ಯಾಡ್ರಿ, ಎತ್ತರಕ್ಕ ಓಡ್ರಿ" ಎಂದೂ ಹೇಳಿದೆ.

"ಪುಣ್ಯಸ್ನಾನದ ಮುಳುಗು ಅರ್ಧಕ್ಕ ಬಿಡಬಾರದವಾ. ಅದು ಹಿಂದ ಹೋದ್ರ ನಾವು ನಾಕು ಹೆಜ್ಜಿ ಮುಂದ ಹೋಗೋದು" ಎಂದರು ಅತ್ತೆ.

ಪರ್ವಕಾಲ ಬಿಟ್ಟು ಸಮುದ್ರ ಮುಟ್ಟಬಾರದು ಎಂಬುದು ಅವರ ನೇಮ. ಹಾಗಾಗಿ ಆ ವರ್ಷ ಕಾರ್ತಿಕ ಹುಣ್ಣಿಮೆಗೆ ಕಾದು, ಭಜನೆಯ ಹೆಂಗಸರ ಜೊತೆ ಮಚಲಿಪಟ್ನಂ ಕಡಲತೀರಕ್ಕೆ ಹೋದರು. ಅದೇ ಬೆಳಿಗ್ಗೆ ನನ್ನ ಪಾಳಿ. ಅದೇ ಬೆಳಿಗ್ಗೆ ಅಂಡಮಾನಿನಾಚೆ ಕಡಲ ತಳ ಜೋರಾಗಿ ನಡುಗಿತು.

ಪಾಳಿಯಲ್ಲಿರುವವರ ಮೊಬೈಲು ಹೊರಗಿನ ಡ್ರಾಯರಿನಲ್ಲಿರಬೇಕು. ಖಚಿತವಾಗುವ ಮುನ್ನ ಮನೆಯವರಿಗೂ ಬಾಯಿ ಬಿಡುವಂತಿಲ್ಲ. ಸ್ನಾನಕ್ಕೆ ನೆರೆದ ಮಂದಿಯಲ್ಲಿ ಒಬ್ಬರು "ಸುನಾಮಿ" ಎಂದು ಕೂಗಿದರೆ ಅಲೆಗಿಂತ ಮೊದಲು ಕಾಲ್ತುಳಿತಕ್ಕೇ ಜನ ಸಾಯುತ್ತಾರೆ. ಗೊತ್ತಿತ್ತು. ಆದರೂ ಕೈ ಆ ಡ್ರಾಯರಿನ ಕಡೆಗೇ ಎಳೆಯುತ್ತಿತ್ತು. ಈ ಹಟಮಾರಿ ಮುದುಕಿ ನೀರಿನ ಹಿಂದೆಯೇ ನಡೆದುಹೋಗುತ್ತಾಳೆ.

ಭೂಮಿ ಎಷ್ಟು ನಡುಗಿತು ಎಂಬುದು ಬೇಗ ಗೊತ್ತಾಯಿತು. ತಿಳಿಯಬೇಕಿದ್ದುದು, ತಳ ಮೇಲೆದ್ದಿತೋ ಅಥವಾ ಪಕ್ಕಕ್ಕೆ ಜಾರಿತೋ ಎಂಬುದು. ಎದ್ದರೆ ಸಮುದ್ರವನ್ನೇ ಎತ್ತುತ್ತದೆ; ಬರೀ ಜಾರಿದರೆ ನೀರು ಅಷ್ಟಾಗಿ ಕದಲುವುದಿಲ್ಲ. ಅದನ್ನು ಹೇಳಬೇಕಾದ್ದು ಕಡಲ ತಳದಲ್ಲಿ ಕೂತ ಒಂದು ಯಂತ್ರ. ತನ್ನ ಮೇಲಿರುವ ನೀರಿನ ಭಾರವನ್ನು ಅದು ತೂಗುತ್ತಲೇ ಇರುತ್ತದೆ. ಮೈಲಿಗಟ್ಟಲೆ ಆಳದ ನೀರು ಒಂದು ಬೆರಳಿನಷ್ಟು ಏರಿದರೂ ಅದಕ್ಕೆ ತಿಳಿಯುತ್ತದೆ. ಎಷ್ಟು ವರ್ಷ ನೋಡಿದರೂ ನನಗೆ ಇದು ನಂಬಲಾಗದ ಮಾತೇ. ಅಂದು ನಾನು ಆ ತೂಕವನ್ನು ಗೆರೆಯಾಗಿ ತೋರಿಸುವ ಪರದೆಗೆ ಕೈಮುಗಿದೆ. ಯಾರು ನೋಡಿದರೋ, ನಕ್ಕರೋ, ಪರಿವೆಯೇ ಇರಲಿಲ್ಲ.

ಗೆರೆ ಒಂದಿಷ್ಟು ನಡುಗಿತು, ಅದು ಕಂಪನದ್ದು. ಆಮೇಲೆ ಉಬ್ಬರವಿಳಿತದ ಲೆಕ್ಕ ಹೇಳಿದ ದಾರಿಯಲ್ಲೇ ನೆಟ್ಟಗೆ ನಡೆಯಿತು. ತಳ ಪಕ್ಕಕ್ಕೆ ಜಾರಿತ್ತು, ಅಷ್ಟೇ. ಅಪಾಯವಿಲ್ಲ ಎಂದು ಕರಾವಳಿಗೆಲ್ಲ ತಿಳಿಸಿ, ಪಾಳಿ ಮುಗಿಸಿ, ಮೊಬೈಲು ತೆಗೆದು ಅತ್ತೆಗೆ ಫೋನ್ ಮಾಡಿದೆ.

"ಎಷ್ಟೊತ್ತು ನೀರಾಗಿದ್ರಿ ಅತ್ತಿ?" ಎಂದು ಬೈಯುವ ದನಿಯಲ್ಲೇ ಕೇಳಿದೆ.

"ಭಾಳ ಹೊತ್ತಾತವಾ. ಬರದಿದ್ದವರ ಹೆಸರೀಲೆ ಒಂದೊಂದು ಮುಳುಗು ಹಾಕಬೇಕಲ್ಲ, ಮನಿ ಮಂದಿ ಎಲ್ಲಾರದೂ ಹಾಕಿದೆ" ಎಂದರು. "ನಿನ್ನ ಹೆಸರೀಲೆ ಎರಡು ಹಾಕೀನಿ. ದಿನಾ ಸಮುದ್ರ ಕಾಯ್ತಿ, ಒಮ್ಮೆನೂ ಅದರಾಗ ಕಾಲಿಟ್ಟಿಲ್ಲ ನೀ."