ಅಮ್ಮ ಆರಿಸಿಕೊಂಡ ಹೆಸರು

ಇಂಟರ್ನೆಟ್ಟಿನಲ್ಲಿ ಒಂದು ಕಾಲಕ್ಕೆ ನನಗೆ ಹದಿಮೂರು ಹೆಸರುಗಳಿದ್ದವು. ಮೊದಲನೆಯದನ್ನು ಇಟ್ಟುಕೊಂಡದ್ದು ಕಾಲೇಜಿಗೆ ಸೇರಿದ ವರ್ಷ, ರಾಯಪುರಂನಲ್ಲಿ, ಅಪ್ಪನ ರೈಲ್ವೆ ಕ್ವಾರ್ಟರ್ಸ್ ಪಕ್ಕದ ಬ್ರೌಸಿಂಗ್ ಸೆಂಟರಿನಲ್ಲಿ. ಹಿಂದಿನ ಗಲ್ಲಿಯಿಂದ ಒಣಮೀನಿನ ವಾಸನೆ ಬರುತ್ತಿತ್ತು, ಫ್ಯಾನಿನ ಗಾಳಿ ಬರುತ್ತಿರಲಿಲ್ಲ, ಬೆವರಿಗೆ ಬಟ್ಟೆ ಬೆನ್ನಿಗೆ ಅಂಟಿತ್ತು. ಅಂಥಲ್ಲಿ ಕೂತು ನನಗೆ ನಾನೇ ‘ಸ್ನೋ ಏಂಜೆಲ್’ ಎಂದು ನಾಮಕರಣ ಮಾಡಿಕೊಂಡೆ. ಆ ಹೆಸರು ಆಗಲೇ ಯಾರದೋ ಆಗಿದೆ ಎಂದು ಪರದೆ ಹೇಳಿತು. ಒಂದು ಅಂಡರ್‌ಸ್ಕೋರ್ ಹಾಕಿ, ಅದರ ಬಾಲಕ್ಕೆ ಹುಟ್ಟಿದ ವರ್ಷ ಅಂಟಿಸಿ ಹೇಗೋ ಗಿಟ್ಟಿಸಿಕೊಂಡೆ. ಹಿಮವನ್ನು ನಾನು ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

ಆಮೇಲೆ ಅದೊಂದು ಚಟವಾಯಿತು. ಮಂಜು, ಚಂದ್ರ, ನೀಲಿ ಗರಿ, ಪಿಸುಮಾತು, ಯಾವುದನ್ನೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ, ಅದೂ ಸಣ್ಣಕ್ಷರಗಳಲ್ಲಿ ಬರೆದರೆ ಎಲ್ಲವೂ ಚೆಂದವೇ. ಬೇಸರವಾದರೆ ಹೊಸದು, ಪಾಸ್‌ವರ್ಡ್ ಮರೆತರೂ ಹೊಸದು. ಹೆಸರೆಂದರೆ ತಲೆಗೆ ಹಾಕುವ ಕ್ಲಿಪ್ಪಿನ ಹಾಗೆ, ಆವತ್ತಿನ ಚೂಡಿದಾರಕ್ಕೆ ಹೊಂದಿದರೆ ಸಾಕು ಎಂದುಕೊಂಡಿದ್ದೆ.

ಅಮ್ಮನಿಗೆ ಅಂಥದ್ದೊಂದು ಹೆಸರು ಬೇಕಾಗಿ ಬಂದದ್ದು ನಾವು ವೇಲಚೇರಿಯ ಫ್ಲಾಟಿಗೆ ಬಂದ ಮೇಲೆ. ನಾನಾಗ ಪೆರುಂಗುಡಿಯ ಆಫೀಸೊಂದಕ್ಕೆ ಹೋಗುತ್ತಿದ್ದೆ. ಮನೆಗೆ ಕಂಪ್ಯೂಟರೂ ಬಂದಿತ್ತು. ರಂಗೋಲಿ ಹಾಕುವ ಹೆಂಗಸರ ಜಾಲತಾಣವೊಂದಿತ್ತು. ತಮ್ಮ ತಮ್ಮ ರಂಗೋಲಿಯ ಚಿತ್ರ ಹಾಕುತ್ತಿದ್ದರು, ಮಿಕ್ಕವರು ನೋಡಿ ಎರಡು ಮಾತು ಬರೆಯುತ್ತಿದ್ದರು. ಒಂದು ಸಂಜೆ ಅದನ್ನು ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ನೋಡಿದ್ದು ರಂಗೋಲಿಗಳನ್ನಲ್ಲ, ಅವುಗಳ ಕೆಳಗಿದ್ದ ಹೆಸರುಗಳನ್ನು.

“ಕೋಲದ ಕೆಳಗೆ ಹೆಸರು ಹಾಕ್ತಾರಾ?” ತಮಿಳರ ನಡುವೆ ಇದ್ದೂ ಇದ್ದೂ ಅಮ್ಮನ ಬಾಯಲ್ಲಿ ರಂಗೋಲಿ ಕೋಲವಾಗಿತ್ತು.

“ಹಾಕ್ತಾರಮ್ಮ. ನಿಜವಾದ ಹೆಸರೇ ಆಗ್ಬೇಕು ಅಂತಿಲ್ಲ. ನಿಂಗೆ ಏನಿಷ್ಟವೋ ಅದು.”

“ಯಾರನ್ನೂ ಕೇಳ್ದೆ?”

“ಯಾರನ್ನೂ ಕೇಳ್ದೆ. ಆದ್ರೆ ಒಬ್ರಿಗಿರೋ ಹೆಸರು ಇನ್ನೊಬ್ರಿಗೆ ಕೊಡಲ್ಲ.”

ಅಮ್ಮ ನಕ್ಕುಬಿಟ್ಟಳು. “ಅಪ್ಪಡಿಯಾ, ಹೌದಾ! ಹಾಗಾದ್ರೆ ನಮ್ಮತ್ತೆ ಮನೆ ರೂಲ್ಸೇ ಆಯ್ತಲ್ಲ.”

ಆ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅಮ್ಮನಿಗೆ ತವರಿನಲ್ಲಿ ಇಟ್ಟಿದ್ದ ಹೆಸರೂ ಅಪ್ಪನ ತಾಯಿಯ ಹೆಸರೂ ಒಂದೇ. ಸೊಸೆಗೂ ಅದೇ ಹೆಸರಾದರೆ ಅವಳನ್ನು ಬೈಯುವುದು ಹೇಗೆ? ತಾಯಿಯ ಹೆಸರು ಹಿಡಿದು ಹೆಂಡತಿಗೆ ಕಾಫಿ ತಾ ಎನ್ನುವುದು ಹೇಗೆ? ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಅಪ್ಪನ ಕೈಗೆ ಉಂಗುರ ಕೊಟ್ಟು, ಹಿರಿಯರು ಗೊತ್ತುಮಾಡಿದ ಹೊಸ ಹೆಸರನ್ನು ಬರೆಸಿದರು. ಅಮ್ಮ ಪಕ್ಕದಿಂದ ಬಗ್ಗಿ ಓದಿ ತನ್ನ ಹೆಸರೇನೆಂದು ತಿಳಿದುಕೊಂಡಳಂತೆ.

“ಹಾಗಾದ್ರೆ ನಿನ್ನ ಹಳೇ ಹೆಸರೇ ಇಟ್ಬಿಡೋಣ” ಎಂದೆ. ದೊಡ್ಡ ನ್ಯಾಯ ಒದಗಿಸಿದವಳ ಗತ್ತಿನಲ್ಲೇ ಹೇಳಿರಬೇಕು.

“ಅದು ನಮ್ಮ ತಾತ ಅವರಮ್ಮನ ಹೆಸರು ಅಂತ ಇಟ್ಟಿದ್ದು. ಅದನ್ನೂ ನಾನು ಇಟ್ಕೊಂಡಿದ್ದಲ್ವಲ್ಲ. ಯೋಚ್ನೆ ಮಾಡ್ತೀನಿ, ಇರು.”

ಇರು ಎಂದವಳು ಮೂರು ವಾರ ತೆಗೆದುಕೊಂಡಳು. ನಾನು ಒಂದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಇಷ್ಟು ದಿನ ಬೇಕಾಗುವಂಥದ್ದೇನಿದೆ ಎಂದು ನನಗೆ ಕುತೂಹಲ. ಹಪ್ಪಳ ಕರಿಯುತ್ತಿದ್ದವಳು ತಟ್ಟನೆ ತಿರುಗಿ, “ಎಷ್ಟು ಅಕ್ಷರ ಇರಬಹುದೇ?” ಎನ್ನುತ್ತಿದ್ದಳು. ಇನ್ನೊಂದು ದಿನ, “ನಡುವೆ ಜಾಗ ಬಿಡಬಹುದಾ?” ಮತ್ತೊಂದು ದಿನ ಬಟ್ಟೆ ಮಡಿಸುತ್ತಾ, “ಓದಿದೋರಿಗೆ ನಾನು ಹೆಂಗಸು ಅಂತ ಗೊತ್ತಾಗ್ಲೇಬೇಕಾ?” ಹದಿಮೂರು ಹೆಸರು ಇಟ್ಟುಕೊಳ್ಳುವಾಗ ಒಮ್ಮೆಯೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಹರಿದ ಕ್ಯಾಲೆಂಡರ್ ಹಾಳೆಗಳ ಹಿಂದೆ ಏನೇನೋ ಬರೆದು ಪಂಚಾಂಗದೊಳಗೆ ಸಿಕ್ಕಿಸಿಡುತ್ತಿದ್ದಳು. ಕದ್ದು ಒಂದನ್ನು ತೆಗೆದು ನೋಡಿದೆ. ಎಲ್ಲ ಕನ್ನಡದಲ್ಲಿ, ಎಲ್ಲಕ್ಕೂ ಕಾಟು ಹೊಡೆದಿತ್ತು. ತಮಿಳು ಶಾಲೆಯಲ್ಲಿ ಓದಿದ ನಾನು ಆಗ ಕನ್ನಡವನ್ನು ಅಕ್ಷರ ಅಕ್ಷರವಾಗಿ ತಡವರಿಸಿ ಓದುತ್ತಿದ್ದೆ. ಕಾಟು ಹೊಡೆದ ಒತ್ತಕ್ಷರ ಬಿಡಿಸುವುದು ನನ್ನ ಕೈಲಾಗಲಿಲ್ಲ.

ಅಪ್ಪ ರೇಗಿಸಿದರು. “ಏನೇ ಇದು, ಮಗುಗೇ ಹನ್ನೊಂದನೇ ದಿನಕ್ಕೆ ಹೆಸರಿಟ್ಟು ಮುಗಿಸಿದ್ವಿ!”

“ಮುಗಿಸಿದ್ರಿ. ಆವಾಗ ನನ್ನನ್ನ ಯಾರು ಕೇಳಿದ್ರು?”

ಅಪ್ಪ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಧನುರ್ಮಾಸದ ಮೊದಲ ದಿನದ ರಂಗೋಲಿಯಿಂದಲೇ ಶುರುಮಾಡಬೇಕೆಂಬುದು ಅಮ್ಮನ ಆಸೆ. ಹಿಂದಿನ ದಿನ ಮಧ್ಯಾಹ್ನ, “ಸಿಕ್ತು ಕಣೇ ಹೆಸರು” ಎಂದಳು. ಮುಖ ಅರಳಿತ್ತು. ಹೇಳು ಎಂದು ಪೀಡಿಸಿದರೂ ಬಾಯಿ ಬಿಡಲಿಲ್ಲ. “ನಾಳೆ. ನಾನು ಒಂದೊಂದೇ ಅಕ್ಷರ ಹೇಳ್ತೀನಿ, ನೀನು ಒತ್ತು. ಬರೋದನ್ನ ನಾನು ನೋಡ್ಬೇಕು.”

ಮರುದಿನ ನಾನು ಏಳುವಷ್ಟರಲ್ಲಿ ಗೇಟಿನ ಮುಂದೆ ರಂಗೋಲಿ ಮುಗಿದಿತ್ತು. ನನ್ನ ಫೋನಿನಲ್ಲಿ ಫೋಟೋ ತೆಗೆದೆ, ಮೇಲೆ ಬಂದು ತಾಣದ ಫಾರಂ ತುಂಬಿದೆ. ಹೆಸರಿನ ಜಾಗವೊಂದೇ ಖಾಲಿ. ಅಮ್ಮ ಅಷ್ಟರಲ್ಲಿ ಸ್ನಾನ ಮಾಡಿ ಮಡಿಯುಟ್ಟು ಹುಗ್ಗಿಗೆ ಇಟ್ಟಿದ್ದಳು. ಸೂರ್ಯ ಹುಟ್ಟುವುದರೊಳಗೆ ಪೂಜೆ ಆಗಬೇಕು. ಅಲ್ಲಿಯವರೆಗೆ ಅವಳು ನನ್ನನ್ನೂ ಮುಟ್ಟುವಂತಿಲ್ಲ, ಕುರ್ಚಿಯನ್ನೂ ಮುಟ್ಟುವಂತಿಲ್ಲ. “ನೈವೇದ್ಯ ಆಗ್ಲಿ, ಬಂದೆ. ಏನೂ ಒತ್ಬೇಡ” ಎಂದು ಒಳಗಿನಿಂದಲೇ ಕೂಗಿದಳು.

ಬೀದಿಯ ತುದಿಯಲ್ಲಿ ಆಫೀಸಿನ ಕ್ಯಾಬು ಹಾರನ್ ಹೊಡೆಯಿತು. ನನಗೆ ಮೊದಲಿಂದಲೂ ತಾಳ್ಮೆ ಕಡಿಮೆ. ಸುಮ್ಮನೆ ನೋಡೋಣವೆಂದು ‘ಜಾಸ್ಮಿನ್ ಡ್ರೀಮ್ಸ್’ ಎಂದು ಒತ್ತಿದೆ. ಖಾಲಿ ಇದೆ ಎಂದಿತು ಪರದೆ! ಅಂಕಿಯಿಲ್ಲ, ಅಂಡರ್‌ಸ್ಕೋರ್ ಇಲ್ಲ, ಬಾಲವಿಲ್ಲದ ಚೆಂದದ ಹೆಸರು. ನನಗೆ ಇಷ್ಟು ವರ್ಷ ಒಂದೂ ಸಿಗದಿದ್ದದ್ದು ಅಮ್ಮನಿಗೆ ಸಿಕ್ಕಿತು ಎಂಬ ಖುಷಿಗೆ ಕೈ ನಿಲ್ಲಲಿಲ್ಲ. ಕೊನೆಯ ಗುಂಡಿ ಒತ್ತಿಬಿಟ್ಟೆ.

ಅಮ್ಮ ಮಂಗಳಾರತಿ ಮುಗಿಸಿ ಓಡೋಡಿ ಬಂದಳು. ಇನ್ನೂ ಮಡಿಯಲ್ಲೇ ಇದ್ದದ್ದರಿಂದ ಏನೂ ತಾಗದಂತೆ ದೂರ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಚೆನ್ನಾಗಿದೆ” ಎಂದಳು. ಸೆರಗಿಗೆ ಕೈ ಒರೆಸಿಕೊಂಡು, “ಬದಲಾಯಿಸಕ್ಕಾಗತ್ತಾ?”

“ಆಗಲ್ಲಮ್ಮ. ಇಟ್ಟಿದ್ದು ಇಟ್ಟ ಹಾಗೇ.”

“ಸರಿ, ಹೊರಡು. ಕ್ಯಾಬ್ ಕಾಯ್ತಿದೆ.”

ಕ್ಯಾಬಿನಲ್ಲಿ ನಾನು ಬಹಳ ಸಂತೋಷವಾಗಿದ್ದೆ. ಸಂಜೆ ಅಪ್ಪ ಬಾಲ್ಕನಿಗೆ ಕರೆದು ಮೆಲ್ಲಗೆ ಹೇಳಿದರು. “ಅಕ್ಕೀಲಿ ಬರೆದ ದಿನಾನೂ ಹಿಂಗೇ ಅಂದಿದ್ಲು. ಚೆನ್ನಾಗಿದೆ ಅಂತ. ಆಮೇಲೆ ಇಷ್ಟು ವರ್ಷದಲ್ಲಿ ಆ ಮಾತು ಎತ್ತಿಲ್ಲ.” ಅವಳಿಗೆ ಹೆಸರಿಟ್ಟವರ ಲೆಕ್ಕ ಹಾಕಿದೆ. ಅವಳ ತಾತ, ಅಪ್ಪನ ಮನೆಯವರು, ಈಗ ನಾನು. ಒಳಗೆ ಹೋಗಿ ಅವಳು ಹುಡುಕಿದ್ದ ಹೆಸರು ಯಾವುದೆಂದು ಕೇಳಿದೆ. “ಈಗ್ಯಾಕೆ, ಬಿಡು” ಎಂದು ಹುರುಳಿಕಾಯಿ ಸೋಸುತ್ತಾ ಕೂತಳು.

ತಿಂಗಳಿಡೀ ನಾನು ಫೋಟೋ ಹಾಕಿದೆ. ಯಾರು ಯಾರೋ ಜಾಸ್ಮಿನ್ ಆಂಟಿ ಎಂದು ಹೊಗಳಿ ಬರೆದರು. ಓದಿ ಹೇಳಿದರೆ ಅಮ್ಮ ಪಕ್ಕದ ಮನೆಯವರ ಸುದ್ದಿ ಕೇಳಿದ ಹಾಗೆ ಹೂಂಗುಟ್ಟುತ್ತಿದ್ದಳು. ಸಂಕ್ರಾಂತಿಯಾದ ಮೇಲೆ ಸಾಕು ಎಂದಳು.

ಅದಾಗಿ ಒಂದೆರಡು ತಿಂಗಳಿಗೆ, ಅಮ್ಮ ವಾರಕ್ಕೊಮ್ಮೆ ಮಧ್ಯಾಹ್ನ ಎಲ್ಲಿಗೋ ಹೋಗಿಬರುತ್ತಾಳೆ ಎಂದು ಗೊತ್ತಾಯಿತು. ಸ್ಟೇಷನ್ ಹತ್ತಿರದ ಬ್ರೌಸಿಂಗ್ ಸೆಂಟರಿಗಂತೆ. ಅದನ್ನು ನಡೆಸುವ ಹೆಂಗಸು ಅವಳಿಗೆ ಕಲಿಸಿಕೊಟ್ಟಿದ್ದರು. ಚುಕ್ಕಿ ಹಾಳೆಯಲ್ಲಿ ರಂಗೋಲಿ ಬರೆದುಕೊಂಡು ಹೋಗಿ, ಸ್ಕ್ಯಾನ್ ಮಾಡಿಸಿ, ಅದೇ ತಾಣಕ್ಕೆ ತಾನೇ ಹಾಕುತ್ತಿದ್ದಳು.

“ಬೇರೆ ಹೆಸರಲ್ಲಾ?”

“ಹೂಂ.”

“ಏನು ಹೆಸರು?”

“ಕೋಲ ನೋಡಿದ್ರೆ ಗೊತ್ತಾಗತ್ತಲ್ಲ. ದಿನಾ ನೋಡ್ತೀಯಲ್ಲ ನೀನು.”

ಹುಡುಕಲು ಕೂತೆ. ಆ ತಾಣದಲ್ಲಿ ನೂರಾರು ಹೆಂಗಸರು, ಸ್ಕ್ಯಾನ್ ಮಾಡಿದ ಹಾಳೆಗಳೇ ಎಷ್ಟೋ. ಗೇಟಾಗಲಿ ಮೆಟ್ಟಿಲಾಗಲಿ ಕಾಣುವಂತಿರಲಿಲ್ಲ. ಬರೀ ಚುಕ್ಕಿ, ಬರೀ ಗೆರೆ. ಮೂರು ಹೆಸರುಗಳ ಮೇಲೆ ಗುಮಾನಿಯಾಯಿತು. ಮೊದಲನೆಯದನ್ನು ಹೇಳಿದಾಗ ಅಮ್ಮ ನಕ್ಕು ಅಲ್ಲ ಎಂದಳು. ಎರಡನೆಯದಕ್ಕೂ ನಕ್ಕಳು. ಮೂರನೆಯದಕ್ಕೆ ಅಲ್ಲ ಎಂದಾಗ ನಗು ಇರಲಿಲ್ಲ. ನನಗೆ ನಾಚಿಕೆಯಾಯಿತು. ಫೋನು ಕಿವಿಗಿಟ್ಟುಕೊಂಡು ದಿನಾ ದಾಟಿಹೋಗುತ್ತಿದ್ದ ರಂಗೋಲಿಯ ಒಂದು ಗೆರೆಯ ಗುರುತೂ ನನಗಿರಲಿಲ್ಲ.

ಮಾರನೆಯ ದಿನ ಅಲಾರಂ ಇಟ್ಟುಕೊಂಡು ಎದ್ದು ಕೆಳಗೆ ಹೋದೆ. ಅಮ್ಮ ನೀರು ಚಿಮುಕಿಸಿ ಚುಕ್ಕಿ ಇಡುತ್ತಿದ್ದಳು.

“ಇಷ್ಟು ಬೇಗ ಯಾಕೇ ಎದ್ದೆ?”

“ನೋಡೋಣ ಅಂತ.”

ಅವಳು ಬಕೆಟ್ಟನ್ನು ಅತ್ತ ಸರಿಸಿ ಮೆಟ್ಟಿಲ ಮೇಲೆ ನನಗೆ ಜಾಗ ಮಾಡಿದಳು. ಊಟ, ಪೂಜೆ, ಬರವಣಿಗೆ ಎಲ್ಲವನ್ನೂ ಬಲಗೈಯಲ್ಲಿ ಮಾಡುವ ಅಮ್ಮ ರಂಗೋಲಿಯ ಗೆರೆ ಎಳೆಯುವುದು ಎಡಗೈಯಲ್ಲಿ ಎಂದು ಆವತ್ತು ಮೊದಲ ಸಲ ನೋಡಿದೆ. ನನಗಾಗ ಇಪ್ಪತ್ತೈದು ವರ್ಷ.